‘ಬೇಡ’ ಅನ್ನೋ ಬಟನ್ ಎಲ್ಲಿದೆ?

(ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಬರೆಯುವಾಗ ಕೆಲವು ಕಡೆ ಹಿಗ್ಗಿಸಿದ್ದೇನೆ. ಪ್ರೊಜೆಕ್ಟರ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ಮೊದಲು ಅಮ್ಮನ ಬಿಪಿ ಮಾತ್ರೆ ತರಲು ಮೆಡಿಕಲ್ ಶಾಪಿಗೆ ಹೋಗಿದ್ದೆ. ಹುಡುಗ ಮಾತ್ರೆ ಕವರಿಗೆ ಹಾಕಿ ‘ನಂಬರ್ ಹೇಳಿ ಮೇಡಂ’ ಅಂದ. ‘ಯಾಕಪ್ಪಾ? ದುಡ್ಡು ಕೊಡ್ತಿದ್ದೀನಲ್ಲ’ ಅಂದೆ. ‘ನಂಬರ್ ಹಾಕದಿದ್ರೆ ಬಿಲ್ ಓಪನ್ ಆಗಲ್ಲ ಮೇಡಂ.’ ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಒಬ್ಬರು ಕೆಮ್ಮಿದರು. ಅದು ಕಾಯಿಲೆಯ ಕೆಮ್ಮೋ, ‘ಬೇಗ ಹೇಳಮ್ಮ’ ಅನ್ನೋ ಕೆಮ್ಮೋ ಗೊತ್ತಾಗಲಿಲ್ಲ. ಸುಮ್ನೆ ಹತ್ತೂ ಅಂಕಿ ಒಪ್ಪಿಸಿ ಬಂದೆ.

ಇದೇ ವಿಷಯದ ಬಗ್ಗೆ ಭಾಷಣ ಮಾಡಲು ಹೊರಟಿದ್ದವಳು ನಾನು. ನನ್ನ ಗತಿಯೇ ಇದು.

ನಾನು ನಂಬರ್ ಕೊಟ್ಟೆ, ನಿಜ. ಯಾರೂ ಕುತ್ತಿಗೆ ಪಟ್ಟಿ ಹಿಡಿದು ಕೇಳಲಿಲ್ಲ. ಆದರೆ ಅದು ಒಪ್ಪಿಗೆಯಾ? ಇವತ್ತು ಮಾತಾಡಲು ಬಂದಿರುವುದು ಇಷ್ಟೇ. ಮಿಕ್ಕಿದ್ದೆಲ್ಲ, ಕುಕಿ, ಟ್ರ್ಯಾಕಿಂಗ್, ಸಾವಿರಾರು ಕೋಟಿ ದಂಡ, ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಕುಕಿಯಿಂದ ಶುರು ಮಾಡೋಣ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಲೂ ಮೊಂಟುಲ್ಲಿ ಅನ್ನುವ ಎಂಜಿನಿಯರ್ ಇದನ್ನು ಮಾಡಿದರು. ಆಗ ವೆಬ್‌ಸೈಟುಗಳಿಗೆ ಮರೆವು ರೋಗ. ಒಂದು ಪುಟದಲ್ಲಿ ಸಾಮಾನು ಆರಿಸಿ ಇನ್ನೊಂದು ಪುಟಕ್ಕೆ ಹೋದರೆ ನೀವು ಯಾರು ಅಂತಲೇ ಅದಕ್ಕೆ ನೆನಪಿರುತ್ತಿರಲಿಲ್ಲ. ಅದಕ್ಕೆ ಬ್ರೌಸರಿನ ಕೈಗೆ ಒಂದು ಚೀಟಿ ಕೊಟ್ಟರು. ದೇವಸ್ಥಾನದ ಮುಂದೆ ಚಪ್ಪಲಿ ಬಿಡುವಾಗ ಟೋಕನ್ ಕೊಡುತ್ತಾರಲ್ಲ, ಹಾಗೆ. ಟೋಕನ್ನಿನ ಮೇಲೆ 47 ಅಂತಿದ್ದರೆ ಆ ಸ್ಟ್ಯಾಂಡಿನವನಿಗೆ ನಿಮ್ಮ ಚಪ್ಪಲಿ ಯಾವುದು ಅಂತ ಗೊತ್ತು. ನಿಮ್ಮ ಹೆಸರು ಅವನಿಗೆ ಬೇಕಿಲ್ಲ. ಪಕ್ಕದ ಊರಿನ ದೇವಸ್ಥಾನದವನಿಗೆ ಆ ಟೋಕನ್ನಿನಿಂದ ಏನೂ ತಿಳಿಯುವುದಿಲ್ಲ. ಇದರಲ್ಲಿ ಯಾವ ಮೋಸವೂ ಇಲ್ಲ.

ಈಗ ಹೀಗೆ ಯೋಚನೆ ಮಾಡಿ. ರಾಜ್ಯದ ಎಲ್ಲ ದೇವಸ್ಥಾನಗಳ ಚಪ್ಪಲಿ ಸ್ಟ್ಯಾಂಡ್ ಒಬ್ಬನೇ ಗುತ್ತಿಗೆದಾರನಿಗೆ ಸಿಕ್ಕಿತು. ಆಮೇಲೆ ಆಸ್ಪತ್ರೆ, ಬಟ್ಟೆ ಅಂಗಡಿ, ಬ್ಯಾಂಕು, ಬಾರು, ಎಲ್ಲದರ ಬಾಗಿಲಲ್ಲೂ ಅವನದೇ ಸ್ಟ್ಯಾಂಡ್. ಎಲ್ಲ ಕಡೆ ನಿಮ್ಮದು ಅದೇ 47. ಈಗಲೂ ಅವನಿಗೆ ನಿಮ್ಮ ಹೆಸರು ಗೊತ್ತಿಲ್ಲ. ಆದರೆ 47 ಸೋಮವಾರ ಮೂಳೆ ಡಾಕ್ಟರ ಹತ್ತಿರ ಹೋದದ್ದು, ಬುಧವಾರ ಒಡವೆ ಸಾಲ ಕೇಳಿದ್ದು, ಶುಕ್ರವಾರ ತಪ್ಪದೆ ದೇವಿ ಗುಡಿಗೆ ಹೋಗೋದು, ಎಲ್ಲ ಗೊತ್ತು. ಇದೇ ಥರ್ಡ್ ಪಾರ್ಟಿ ಕುಕಿ. ನೀವು ಹೋದ ಸೈಟು ಒಂದು, ಚೀಟಿ ಕೊಟ್ಟವರು ಬೇರೆ. ಫೋನಿನ ಆ್ಯಪ್‌ಗಳಲ್ಲಿ ಕುಕಿಯ ಕೆಲಸವನ್ನು ಜಾಹೀರಾತು ಐಡಿ ಅನ್ನುವ ಉದ್ದದ ನಂಬರ್ ಮಾಡುತ್ತದೆ. ಅದರ ಕತೆ ಕೊನೆಯಲ್ಲಿ.

ಈ ಸ್ಟ್ಯಾಂಡ್ ಎಲ್ಲ ಕಡೆ ಹೇಗೆ ಬಂತು ಅಂತ ಕೇಳಬಹುದು. ನನ್ನಂಥವರೇ ಹಾಕಿದ್ದು. ಕೆಲಸದ ಮೊದಲ ವರ್ಷಗಳಲ್ಲಿ ಒಂದು ಸೀರೆ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದೆ. ಮಾರ್ಕೆಟಿಂಗ್‌ನವರು ಈಮೇಲಿನಲ್ಲಿ ನಾಲ್ಕು ಸಾಲು ಕೋಡ್ ಕಳಿಸಿ ‘ಇದನ್ನು ಎಲ್ಲ ಪುಟಕ್ಕೂ ಹಾಕಿಬಿಡಿ’ ಅಂದರು. ಕಾಪಿ, ಪೇಸ್ಟ್. ಮುಗಿಸಿ ಕಾಫಿಗೆ ಹೋದೆ. ಆ ನಾಲ್ಕು ಸಾಲು ಯಾರ ಮನೆಗೆ ಏನು ಹೊತ್ತುಕೊಂಡು ಹೋಗುತ್ತದೆ ಅಂತ ನಾನು ಕೇಳಲಿಲ್ಲ. ಅಂಗಡಿ ಯಜಮಾನರಿಗೂ ಗೊತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು, ಸೀರೆ ನೋಡಿ ವಾಪಸ್ ಹೋದವರಿಗೆ ಮತ್ತೆ ಅದೇ ಸೀರೆ ತೋರಿಸೋದು, ಅಷ್ಟೇ.

ಈಗ ಪರದೆ ಮೇಲೆ ನೋಡಿ. ಒಂದು ಅಡುಗೆ ಸೈಟ್ ತೆರೆದಿದ್ದೇನೆ. ನೀರುದೋಸೆ ಮಾಡುವ ವಿಧಾನ. ಕೆಳಗೆ ಬ್ರೌಸರಿನ ನೆಟ್‌ವರ್ಕ್ ಪಟ್ಟಿ ಇದೆ. ಈ ಪುಟ ತೆರೆಯಲು ನನ್ನ ಲ್ಯಾಪ್‌ಟಾಪ್ ಯಾರ್‍ಯಾರ ಜೊತೆ ಮಾತಾಡಿತು ಅನ್ನೋದರ ಪಟ್ಟಿ. ಮೊದಲ ಹೆಸರು ಆ ಸೈಟಿನದು. ಎರಡನೆಯದು ಅಕ್ಷರದ ಫಾಂಟಿಗೆ. ಆಮೇಲೆ ಬರುವವು ನೋಡಿ, ಇನ್ನೂ ಓಡ್ತಾನೇ ಇದೆ. (ಮುಂದಿನ ಸಾಲಿನ ಹುಡುಗರು ಜೋರಾಗಿ ಎಣಿಸಲು ಶುರು ಮಾಡಿದರು. ನಲವತ್ತು ದಾಟಿದ ಮೇಲೆ ನಾನೇ ನಿಲ್ಲಿಸಿದೆ.) ನೀರುದೋಸೆಗೆ ಬೇಕಾದ್ದು ಅಕ್ಕಿ, ಕಾಯಿತುರಿ, ಉಪ್ಪು. ಇಷ್ಟು ಜನ ಯಾಕೆ ಬೇಕು?

ಹರಾಜಿಗೆ.

ನಿಮ್ಮಲ್ಲಿ ಕೆಲವರು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡಿರಬಹುದು. ರೈತ ಗೂಡು ತಂದು ಜಾಲರಿಯಲ್ಲಿ ಸುರಿಯುತ್ತಾನೆ. ಲಾಟ್ ನಂಬರ್ ಬೀಳುತ್ತದೆ. ರೀಲರುಗಳು, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಗೂಡನ್ನು ಕೈಯಲ್ಲಿ ಹಿಡಿದು, ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, ರೇಟು ಕೂಗುತ್ತಾರೆ. ಈಗ ಕೂಗುವುದಿಲ್ಲ ಬಿಡಿ, ಇ-ಹರಾಜು ಬಂದಿದೆ. ವೆಬ್ ಪುಟದಲ್ಲೂ ಇಂಥದ್ದೇ ನಡೆಯುತ್ತದೆ. ನೀವು ನೀರುದೋಸೆ ಪುಟ ಒತ್ತಿದ ತಕ್ಷಣ ಒಂದು ಜಾಹೀರಾತಿನ ಜಾಗ ಹರಾಜಿಗೆ ಬರುತ್ತದೆ. ಜೊತೆಗೆ ಒಂದು ವಿವರ ಪಟ್ಟಿ ಹೋಗುತ್ತದೆ. ಯಾವ ಫೋನು, ಸುಮಾರು ಯಾವ ಊರು, ಏನು ಓದುತ್ತಿದ್ದಾರೆ, 47ರ ಬಗ್ಗೆ ಹಿಂದೆ ಏನು ತಿಳಿದಿದೆ. ಕಂಪ್ಯೂಟರುಗಳು ರೇಟು ಹೇಳುತ್ತವೆ. ಗೆದ್ದವರ ಜಾಹೀರಾತು ಬರುತ್ತದೆ. ಇಷ್ಟೂ ಮುಗಿಯುವುದು ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಕಣ್ಣು ಮಿಟುಕಿಸಲೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ರಾಮನಗರಕ್ಕೂ ಇದಕ್ಕೂ ಎರಡು ವ್ಯತ್ಯಾಸ ಇದೆ. ಗೂಡಿನ ಹರಾಜಿನಲ್ಲಿ ಸೋತ ರೀಲರ್ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಇಲ್ಲಿ ಸೋತವರೂ ಆ ವಿವರ ಪಟ್ಟಿ ನೋಡಿರುತ್ತಾರೆ. ಇಟ್ಟುಕೊಳ್ಳಬೇಡಿ ಅಂತ ನಿಯಮ ಇರಬಹುದು. ನೋಡಿದ್ದನ್ನು ಮರೆತರಾ ಅಂತ ಯಾರು ಹೋಗಿ ನೋಡುತ್ತಾರೆ? ಎರಡನೆಯದು, ರೇಟು ಗಿಟ್ಟದಿದ್ದರೆ ರೈತ ‘ಕೊಡಲ್ಲ’ ಅನ್ನಬಹುದು. ಗೂಡು ಅವನದು. ನಾವು ಈ ಮಾರುಕಟ್ಟೆಯಲ್ಲಿ ರೈತರೂ ಅಲ್ಲ, ರೀಲರೂ ಅಲ್ಲ. ಜಾಲರಿಯಲ್ಲಿ ಬಿದ್ದಿರುವವರು.

ಇನ್ನೊಂದು ವಿಷಯ. ಈ ಮಾರುಕಟ್ಟೆ ಯಾರದು? ಡಬಲ್‌ಕ್ಲಿಕ್ ಅಂತ ಒಂದು ಜಾಹೀರಾತು ಕಂಪನಿ ಇತ್ತು. 2007ರಲ್ಲಿ ಗೂಗಲ್ ಅದನ್ನು 310 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು, ಮರುವರ್ಷ ವ್ಯವಹಾರ ಮುಗಿಯಿತು. ಅಲ್ಲಿಂದಾಚೆಗೆ ಜಾಗ ಮಾರುವ ಸೈಟಿನ ಪರ ದಲ್ಲಾಳಿ ಗೂಗಲ್, ಕೊಳ್ಳುವವರ ಪರವೂ ಗೂಗಲ್, ನಡುವೆ ಹರಾಜು ಕೂಗುವ ಕಟ್ಟೆಯೂ ಗೂಗಲ್. ಮಂಡಿಯೂ ಅವರದೇ, ತಕ್ಕಡಿಯೂ ಅವರದೇ. 2025ರ ಏಪ್ರಿಲಿನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ ಇದರ ಬಗ್ಗೆ ತೀರ್ಪು ಕೊಟ್ಟರು. ಸೈಟುಗಳ ಪರವಾಗಿ ಜಾಗ ಮಾರುವ ಸಾಫ್ಟ್‌ವೇರ್ ಮತ್ತು ಹರಾಜು ಕಟ್ಟೆ, ಈ ಎರಡರಲ್ಲೂ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಕಟ್ಟಿಕೊಂಡಿದೆ ಅಂದರು. ಕೊಳ್ಳುವವರ ಕಡೆಯ ಆರೋಪವನ್ನು ಮಾತ್ರ ಒಪ್ಪಲಿಲ್ಲ. ಕೊಂಡದ್ದು 2008ರಲ್ಲಿ, ತೀರ್ಪು 2025ರಲ್ಲಿ. ನಮ್ಮ ಸಿವಿಲ್ ಕೋರ್ಟುಗಳನ್ನು ಸುಮ್ನೆ ಆಡಿಕೊಳ್ಳುತ್ತೇವೆ.

ಇಲ್ಲಿಗೆ ಬಂದಾಗ ಕಾಲೇಜಿನ ಒಬ್ಬ ಹುಡುಗಿ ಕೈ ಎತ್ತಿದಳು. ‘ಮೇಡಂ, ಫೋನು ನಾವು ಮಾತಾಡೋದನ್ನ ಕೇಳಿಸಿಕೊಳ್ಳುತ್ತಲ್ವಾ? ನಾವು ಮಿಕ್ಸಿ ಬಗ್ಗೆ ಮಾತಾಡಿದ್ವಿ ಅಷ್ಟೇ, ಮಿಕ್ಸಿ ಆ್ಯಡ್ ಬಂತು.’ ಪ್ರತಿ ಸಭೆಯಲ್ಲೂ ಈ ಪ್ರಶ್ನೆ ಬರುತ್ತದೆ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷೆ ಮಾಡಿದರು. ಕದ್ದು ಮೈಕ್ ಆನ್ ಮಾಡಿದ್ದು ಒಂದೂ ಸಿಗಲಿಲ್ಲ. ಕೆಲವು ಆ್ಯಪ್‌ಗಳು ಪರದೆ ಮೇಲೆ ನಡೆಯುವುದನ್ನು ಚಿತ್ರ ಹಿಡಿದು ಹೊರಗೆ ಕಳಿಸುತ್ತಿದ್ದವು, ಅದು ಸಿಕ್ಕಿತು. ನಾನು ಆ ಹುಡುಗಿಗೆ ಹೇಳಿದ್ದು ಇಷ್ಟು. ಮಿಕ್ಸಿ ಬಗ್ಗೆ ಮಾತಾಡುವ ಮೊದಲು ಮನೆಯಲ್ಲಿ ಯಾರೋ ಒಬ್ಬರು ಹುಡುಕಿರುತ್ತಾರೆ. ಅದೇ ವೈಫೈ, ಅದೇ ಮನೆ. ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ. ಕೇಳಿಸಿಕೊಳ್ಳದೆಯೇ ಇಷ್ಟು ಸರಿಯಾಗಿ ಊಹಿಸುತ್ತಾರೆ ಅನ್ನೋದು ನನಗೆ ಇನ್ನೂ ಜಾಸ್ತಿ ಭಯ.

ಈಗ ಒಪ್ಪಿಗೆಗೆ ಬರೋಣ.

ಯುರೋಪಿನವರು 2018ರ ಮೇ 25ರಿಂದ ಜಿಡಿಪಿಆರ್ ಅನ್ನುವ ಕಾನೂನು ಜಾರಿಗೆ ತಂದರು. ಮಾಹಿತಿ ತಗೊಳ್ಳಲು ಸರಿಯಾದ ಕಾರಣ ಬೇಕು, ಆ ಕಾರಣ ಒಪ್ಪಿಗೆ ಅಂತಾದರೆ ಅದು ನಿಜವಾದ ಒಪ್ಪಿಗೆ ಆಗಿರಬೇಕು ಅಂದರು. ತಪ್ಪಿದರೆ ಜಗತ್ತಿನಾದ್ಯಂತದ ವಹಿವಾಟಿನ ಶೇ 4ರವರೆಗೆ ದಂಡ. ಕಂಪನಿಗಳು ಏನು ಮಾಡಿದವು? ಪ್ರತಿ ಸೈಟಿನಲ್ಲೂ ಒಂದು ಡಬ್ಬ ಎದ್ದು ಕುಳಿತಿತು. ‘ಎಲ್ಲವನ್ನೂ ಸ್ವೀಕರಿಸಿ’ ಅನ್ನುವ ದೊಡ್ಡ ಬಣ್ಣದ ಬಟನ್. ಪಕ್ಕದಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಆಯ್ಕೆಗಳನ್ನು ನಿರ್ವಹಿಸಿ’. ಅದನ್ನು ಒತ್ತಿದರೆ ಇನ್ನೊಂದು ಪುಟ, ಅಲ್ಲಿ ಮತ್ತೆ ಇಪ್ಪತ್ತು ಸ್ವಿಚ್ಚು. ದೋಸೆ ಹಿಟ್ಟು ಹುಳಿ ಬರುವವರೆಗೆ ಸ್ವಿಚ್ಚು ಆರಿಸುತ್ತ ಕೂರಬೇಕು.

ಜರ್ಮನಿಯ ಒಂದು ಲಾಟರಿ ಸೈಟು ಮೊದಲೇ ಟಿಕ್ ಹಾಕಿಟ್ಟು ‘ಬೇಡದಿದ್ದರೆ ತೆಗೆಯಿರಿ’ ಅಂದಿತ್ತು. 2019ರ ಅಕ್ಟೋಬರಿನಲ್ಲಿ ಯುರೋಪಿನ ನ್ಯಾಯಾಲಯ ಇದು ಒಪ್ಪಿಗೆಯೇ ಅಲ್ಲ ಅಂದಿತು. ನನಗೆ ಇಷ್ಟವಾದದ್ದು ಆಮೇಲೆ ಫ್ರಾನ್ಸಿನಲ್ಲಿ ನಡೆದದ್ದು. ಅಲ್ಲಿನ ಖಾಸಗಿತನ ಕಾಯುವ ಸಂಸ್ಥೆಯ ಹೆಸರು ಸಿಎನ್‌ಐಎಲ್. ಅವರು ದೊಡ್ಡ ಸಿದ್ಧಾಂತ ಹೇಳಲಿಲ್ಲ. ಕ್ಲಿಕ್ ಎಣಿಸಿದರು. ಒಪ್ಪಲು ಒಂದು ಕ್ಲಿಕ್, ಬೇಡ ಅನ್ನಲು ಹಲವು ಕ್ಲಿಕ್. 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದನ್ನು ಪ್ರಕಟಿಸಿದರು. ಅದೇ ವರ್ಷ ಏಪ್ರಿಲಿನಲ್ಲಿ ಗೂಗಲ್ ಯುರೋಪಿನಲ್ಲಿ ‘ಎಲ್ಲವನ್ನೂ ತಿರಸ್ಕರಿಸಿ’ ಅನ್ನುವ ಬಟನ್ ತರುವುದಾಗಿ ಹೇಳಿತು. ಆ ಬಟನ್ ಮಾಡುವುದು ಅಷ್ಟು ಕಷ್ಟವಾ? ನಾನು ಇದೇ ಕಸುಬಿನವಳು. ಒಂದು ಮಧ್ಯಾಹ್ನದ ಕೆಲಸ.

‘ಬೇಡ’ ಅನ್ನುವುದು ಸುಲಭವಾದರೆ ಏನಾಗುತ್ತದೆ ಅಂತ ಆ್ಯಪಲ್ ತೋರಿಸಿತು. 2021ರ ಏಪ್ರಿಲಿನಿಂದ ಐಫೋನಿನಲ್ಲಿ ಒಂದು ಪ್ರಶ್ನೆ ಬರತೊಡಗಿತು. ಈ ಆ್ಯಪ್ ನಿಮ್ಮನ್ನು ಬೇರೆ ಆ್ಯಪ್, ಸೈಟುಗಳಲ್ಲೂ ಹಿಂಬಾಲಿಸಲು ಬಿಡುತ್ತೀರಾ? ಎರಡು ಬಟನ್, ಎರಡೂ ಒಂದೇ ಅಳತೆ. ಮುಂದಿನ ವರ್ಷ ಫೇಸ್‌ಬುಕ್‌ನ ಮಾತೃ ಕಂಪನಿ ಮೆಟಾ ತನ್ನ ಹೂಡಿಕೆದಾರರಿಗೆ ಲೆಕ್ಕ ಹೇಳಿತು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಆದಾಯ ಖೋತಾ. ಒಂದು ಸಣ್ಣ ಬಟನ್ ಸರಿಯಾಗಿ ಇಟ್ಟಿದ್ದಕ್ಕೆ! ಅಂದರೆ ಆ ಮೊದಲು ಬರುತ್ತಿದ್ದ ಅಷ್ಟು ದುಡ್ಡು ನಮ್ಮ ಒಪ್ಪಿಗೆಯಿಂದ ಬರುತ್ತಿರಲಿಲ್ಲ. ನಮ್ಮನ್ನು ಯಾರೂ ಕೇಳದೇ ಇದ್ದುದರಿಂದ ಬರುತ್ತಿತ್ತು.

ಆ್ಯಪಲ್ ಏನು ಸಾಧು ಅಂತ ಹೇಳುತ್ತಿಲ್ಲ. ಅವರಿಗೂ ಜಾಹೀರಾತಿನ ವ್ಯಾಪಾರ ಇದೆ. ಈ ಪ್ರಶ್ನೆ ಜಾರಿಗೆ ತಂದ ರೀತಿಯಲ್ಲಿ ತನ್ನ ಬಲವನ್ನು ದುರುಪಯೋಗ ಮಾಡಿಕೊಂಡಿದೆ ಅಂತ 2025ರ ಮಾರ್ಚಿನಲ್ಲಿ, ವ್ಯಾಪಾರದ ಪೈಪೋಟಿ ಮೇಲೆ ಕಣ್ಣಿಡುವ ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ ಅದಕ್ಕೂ 15 ಕೋಟಿ ಯೂರೋ ದಂಡ ಹಾಕಿತು. ಊರಿನ ಬಾಗಿಲು ಕಾಯುವವನೇ ಒಳಗೆ ಅಂಗಡಿ ಇಟ್ಟರೆ ಹೀಗೇ.

ಮೆಟಾ ಯುರೋಪಿನಲ್ಲಿ ಇನ್ನೊಂದು ದಾರಿ ಹುಡುಕಿತು. 2023ರ ನವೆಂಬರಿನಿಂದ, ಟ್ರ್ಯಾಕಿಂಗ್ ಬೇಡವಾದರೆ ತಿಂಗಳಿಗೆ ಇಷ್ಟು ಯೂರೋ ಕಟ್ಟಿ ಅಂದಿತು. ‘ಬೇಡ’ ಅನ್ನೋದಕ್ಕೂ ರೇಟು! 2025ರ ಏಪ್ರಿಲಿನಲ್ಲಿ ಯುರೋಪಿಯನ್ ಕಮಿಷನ್ ಇದಕ್ಕಾಗಿ 20 ಕೋಟಿ ಯೂರೋ ದಂಡ ಹಾಕಿತು.

ಸರಿ, ನಮ್ಮ ಕಡೆ ಏನು?

ನಮ್ಮ ಕತೆ ಶುರುವಾಗುವುದು ಬೆಂಗಳೂರಿನ ಒಬ್ಬ ಹಿರಿಯರಿಂದ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದವರು. 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ವಯಸ್ಸಿನಲ್ಲಿ ನಮ್ಮ ಮನೆ ಹಿರಿಯರು ಬ್ಯಾಂಕಿಗೆ ಹೋಗಲೂ ಜೊತೆಗೆ ಯಾರಾದರೂ ಬನ್ನಿ ಅನ್ನುತ್ತಾರೆ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೌದು, ಹಕ್ಕು ಅಂದಿತು. ಆ ತೀರ್ಪನ್ನು ದೇಶದ ಎಲ್ಲ ವಕೀಲರೂ ‘ಪುಟ್ಟಸ್ವಾಮಿ’ ಅಂತಲೇ ಕರೆಯುತ್ತಾರೆ. 2024ರ ಅಕ್ಟೋಬರಿನಲ್ಲಿ 98 ವರ್ಷ ವಯಸ್ಸಿನಲ್ಲಿ ಅವರು ತೀರಿಕೊಂಡರು.

ತೀರ್ಪು ಬಂತು, ಕಾನೂನು ಬರಲು ಕಾದೆವು. ಕಾನೂನು ಹೇಗಿರಬೇಕು ಅಂತ ನ್ಯಾಯಮೂರ್ತಿ ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿ ವರದಿ ಕೊಟ್ಟಿತು. 2019ರಲ್ಲಿ ಮಸೂದೆ ಬಂತು, 2022ರಲ್ಲಿ ವಾಪಸ್ ಹೋಯಿತು. 2023ರ ಆಗಸ್ಟಿನಲ್ಲಿ ಡಿಪಿಡಿಪಿ, ಅಂದರೆ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಆಯಿತು. ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ.

ಕಾಯ್ದೆಯನ್ನು ಕೂತು ಓದಿದ್ದೇನೆ. ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ತಗೊಳ್ಳುವುದೂ ಅಷ್ಟೇ ಸುಲಭ ಇರಬೇಕು ಅಂತ ಅದರಲ್ಲಿದೆ. ಬೇಕಿಲ್ಲದ್ದನ್ನು ಕೇಳಿ ನೀವು ಒಪ್ಪಿದರೂ ಆ ಒಪ್ಪಿಗೆ ನಿಲ್ಲುವುದಿಲ್ಲ ಅಂತಲೂ ಇದೆ. ಅದಕ್ಕೆ ಕಾಯ್ದೆಯೇ ಕೊಡುವ ಉದಾಹರಣೆ ಚೆನ್ನಾಗಿದೆ. ಫೋನಿನಲ್ಲಿ ಡಾಕ್ಟರ ಸಲಹೆ ಕೊಡಿಸುವ ಆ್ಯಪ್ ಒಂದು ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳುತ್ತದೆ. ನೀವು ಎರಡಕ್ಕೂ ಹೂಂ ಅನ್ನುತ್ತೀರಿ. ಕಾನೂನಿನ ಪ್ರಕಾರ ಆ ಹೂಂ ಸಲಹೆಯ ಕೆಲಸಕ್ಕೆ ಮಾತ್ರ. ಇನ್ನೊಂದು ಉದಾಹರಣೆ ಸೀದಾ ಮೆಡಿಕಲ್ ಶಾಪಿನದು! ರಸೀದಿ ಫೋನಿಗೆ ಕಳಿಸಿ ಅಂತ ನೀವೇ ನಂಬರ್ ಕೊಟ್ಟರೆ, ರಸೀದಿ ಕಳಿಸಲು ಅದನ್ನು ಬಳಸಬಹುದು. ಬೆಳಿಗ್ಗೆ ನನ್ನ ಹತ್ತಿರ ನಂಬರ್ ಕೇಳಿದ ಹುಡುಗನಿಗೆ ಇದನ್ನು ಓದಿ ಹೇಳಬೇಕಿತ್ತು. ಹಿಂದಿದ್ದವರು ಮತ್ತೆ ಕೆಮ್ಮುತ್ತಿದ್ದರು.

ಮಕ್ಕಳ ಹಿಂದೆ ಬಿದ್ದು ಜಾಹೀರಾತು ತೋರಿಸುವಂತಿಲ್ಲ ಅಂತಲೂ ಇದೆ. ಇಲ್ಲಿ ಮಕ್ಕಳು ಅಂದರೆ 18 ತುಂಬದವರು.

ಇನ್ನೊಂದು ಸಂತೋಷದ ವಿಷಯ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. 22 ಭಾಷೆ, ಅದರಲ್ಲಿ ಕನ್ನಡವೂ ಒಂದು. ಆದರೆ ಎಂಥ ಕನ್ನಡ ಬರುತ್ತದೆ ಅನ್ನುವ ಹೆದರಿಕೆ ನನಗೆ. ‘ನಿಮ್ಮ ಅನುಭವವನ್ನು ವರ್ಧಿಸಲು ನಾವು ಕುಕೀಗಳನ್ನು ಬಳಸುತ್ತೇವೆ’ ಅಂತ ಬಂದರೆ ನಮ್ಮಜ್ಜಿ ಬಿಸ್ಕತ್ತು ಕೊಡ್ತಾರೆ ಅಂದುಕೊಳ್ಳುತ್ತಾರೆ. ‘ನೀವು ಬೇರೆ ಸೈಟಿನಲ್ಲಿ ಏನು ನೋಡುತ್ತೀರಿ ಅಂತ ಗಮನಿಸಿ ಅದರಿಂದ ದುಡ್ಡು ಮಾಡುತ್ತೇವೆ, ಆಗಬಹುದಾ?’ ಅಂತ ಬರೆದರೆ ಯಾವ ಅಜ್ಜಿಗೂ ಅರ್ಥ ಆಗುತ್ತದೆ. ಅದಕ್ಕೇ ಹಾಗೆ ಬರೆಯುವುದಿಲ್ಲ.

ಕೆಟ್ಟದ್ದು? ಸರ್ಕಾರ ತನ್ನ ಯಾವ ಸಂಸ್ಥೆಗೆ ಬೇಕಾದರೂ ಒಂದು ಅಧಿಸೂಚನೆ ಹೊರಡಿಸಿ ಕಾಯ್ದೆಯಿಂದ ವಿನಾಯಿತಿ ಕೊಡಬಹುದು. ದಂಡ 250 ಕೋಟಿ ರೂಪಾಯಿವರೆಗೆ ಇದೆ, ಆದರೆ ಅದು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಮಾಹಿತಿ ಸೋರಿ ನಷ್ಟ ಆದವರಿಗೆ ಪರಿಹಾರ ಕೊಡುವ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಕಲಂ ಅನ್ನೇ ಈ ಕಾಯ್ದೆ ತೆಗೆದುಹಾಕುತ್ತದೆ. ನನಗೆ ಜಾಸ್ತಿ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಕಂಪನಿಗಳಿಗೆ ಒಪ್ಪಿಗೆಯ ನಿಯಮ ಪಾಲಿಸಲು 18 ತಿಂಗಳ ಕಾಲಾವಕಾಶ, ಅಂದರೆ 2027ರ ಮೇವರೆಗೆ. ಇದೇ ಕಾಯ್ದೆ ಮಾಹಿತಿ ಹಕ್ಕಿಗೂ ಒಂದು ತಿದ್ದುಪಡಿ ಮಾಡಿದೆ. ವೈಯಕ್ತಿಕ ಮಾಹಿತಿ ಅಂದುಬಿಟ್ಟರೆ ಸಾಕು, ಅಧಿಕಾರಿಗಳು ಆರ್‌ಟಿಐ ಅರ್ಜಿ ತಳ್ಳಿಹಾಕಲು ದಾರಿ ಸಲೀಸಾಗಿದೆ. ಅದು ಮಾತ್ರ 2025ರ ನವೆಂಬರಿನಲ್ಲೇ ಜಾರಿಗೆ ಬಂತು. ಕಂಪನಿಗೆ ಒಂದೂವರೆ ವರ್ಷ, ನಮಗೆ ಒಂದು ದಿನವೂ ಇಲ್ಲ.

ವಾಟ್ಸ್ಆ್ಯಪ್ ಕೇಸು ನಿಮಗೆ ನೆನಪಿರಬಹುದು. 2021ರ ಜನವರಿಯಲ್ಲಿ ಹೊಸ ನಿಯಮ ಒಪ್ಪಿಕೊಳ್ಳಿ ಅಂತ ಎಲ್ಲರ ಫೋನಿಗೂ ಬಂತಲ್ಲ, ಅದು. ಮಗಳ ಶಾಲೆ ಗ್ರೂಪು, ಹಾಲಿನವರ ಗ್ರೂಪು, ಎಲ್ಲ ಅಲ್ಲೇ ಇರುವಾಗ ‘ಬೇಡ’ ಅನ್ನೋದು ಹೇಗೆ? ನಮ್ಮ ದೇಶದ ಸ್ಪರ್ಧಾ ಆಯೋಗವೂ 2024ರ ನವೆಂಬರಿನಲ್ಲಿ ಇದೇ ಮಾತು ಹಿಡಿದು, ವಾಟ್ಸ್ಆ್ಯಪ್‌ನ ಒಡೆಯ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು, ವಾಟ್ಸ್ಆ್ಯಪ್ ಮಾಹಿತಿಯನ್ನು ಮೆಟಾದ ಬೇರೆ ಕಂಪನಿಗಳ ಜೊತೆ ಜಾಹೀರಾತಿಗಾಗಿ ಹಂಚುವುದನ್ನು ಐದು ವರ್ಷ ನಿಷೇಧಿಸಿತು. ಒಂದು ವರ್ಷದ ನಂತರ ಮೇಲ್ಮನವಿ ನ್ಯಾಯಮಂಡಳಿ ದಂಡ ಉಳಿಸಿತು, ನಿಷೇಧ ತೆಗೆಯಿತು. ಕೇಸು ಅಲ್ಲಿಗೇ ಮುಗಿಯುವಂಥದ್ದಲ್ಲ.

ಕೊನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಎದ್ದರು. ‘ಅಲ್ಲಮ್ಮಾ, ನನ್ನ ಹತ್ರ ಮುಚ್ಚಿಡೋದು ಏನಿದೆ? ಪಿಂಚಣಿ, ಮೊಮ್ಮಕ್ಕಳ ಫೋಟೋ. ನೋಡ್ಕೊಳ್ಳಲಿ ಬಿಡು.’ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕೇಳಿದೆ. ‘ಮೇಷ್ಟ್ರೇ, ನಿಮ್ಮ ಫೋನಿನಲ್ಲಿ ಎಷ್ಟು ಜನರ ನಂಬರ್ ಇದೆ?’ ‘ಮುನ್ನೂರು ಇರಬಹುದು. ಹಳೇ ವಿದ್ಯಾರ್ಥಿಗಳೇ ಜಾಸ್ತಿ.’ ಸಾಲದ ಆ್ಯಪ್‌ಗಳು ಮಾಡಿದ ಅನಾಹುತ ನೆನಪಿಸಿದೆ. ಸಾಲ ತಗೊಂಡವನು ಒಬ್ಬ. ಕಂತು ತಪ್ಪಿದರೆ ಅವನ ಫೋನಿನಲ್ಲಿರುವ ಭಾವ, ಮಾವ, ಆಫೀಸಿನವರು, ಎಲ್ಲರಿಗೂ ಅಸಹ್ಯದ ಮೆಸೇಜು. ಮಾನಕ್ಕೆ ಹೆದರಿ ಜೀವ ಕಳೆದುಕೊಂಡವರಿದ್ದಾರೆ. ಕಾಂಟ್ಯಾಕ್ಟ್ ಪಟ್ಟಿ, ಫೋಟೋ, ಕಾಲ್ ಲಾಗ್ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಹೇಳಬೇಕಾಯಿತು. ‘ನೀವು ಹೂಂ ಅಂದರೆ ಆ ಮುನ್ನೂರು ಜನರ ಪರವಾಗಿಯೂ ಹೂಂ ಅಂದ ಹಾಗೆ. ಅವರಲ್ಲಿ ಯಾರಾದರೂ ನಿಮಗೆ ಹೇಳಿದ್ದರಾ?’ ಮೇಷ್ಟ್ರು ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತ ನಿಂತರು. ‘ಅಟೆಂಡೆನ್ಸ್ ಪುಸ್ತಕ ಬೀದಿಯಲ್ಲಿ ಬಿಟ್ಟುಬಂದ ಹಾಗಾಯ್ತಲ್ಲ’ ಅಂದರು. ಇದನ್ನು ನಾನು ಇನ್ನುಮುಂದೆ ಎಲ್ಲ ಕಡೆ ಕದ್ದು ಹೇಳುವವಳಿದ್ದೇನೆ.

ಸಮಯ ಮುಗಿದಿತ್ತು. ಆ ಜಾಹೀರಾತು ಐಡಿ ಮಾತ್ರ ಬಾಕಿ. ಎಲ್ಲರೂ ಫೋನ್ ತೆಗೀರಿ ಅಂದೆ. ಆಂಡ್ರಾಯ್ಡ್ ಇರುವವರು ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ಗೂಗಲ್, ಅದರೊಳಗೆ ಜಾಹೀರಾತುಗಳು. ಕೆಲವು ಫೋನಿನಲ್ಲಿ ‘ಎಲ್ಲ ಸೇವೆಗಳು’ ಅಂತ ನಡುವೆ ಇನ್ನೊಂದು ಬಾಗಿಲು ಇರುತ್ತದೆ. ಅಲ್ಲಿ ಜಾಹೀರಾತು ಐಡಿ ಅಳಿಸಿ ಅಂತ ಇದೆ. ಅಳಿಸಿದರೆ ಜಾಹೀರಾತು ನಿಲ್ಲುವುದಿಲ್ಲ, ಆ್ಯಪ್‌ಗಳಿಗೆ ನಿಮ್ಮ 47 ಸಿಗುವುದಿಲ್ಲ. ಬೇರೆ ರೀತಿ ಗುರುತು ಹಿಡಿಯುವ ದಾರಿಗಳು ಅವರಿಗಿವೆ, ಆದರೂ ಒಂದು ಬಾಗಿಲು ಮುಚ್ಚಿದ ಹಾಗೆ.

ಹತ್ತು ನಿಮಿಷ ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಹುಡುಕುತ್ತಿದ್ದರು. ಹುಡುಗರು ಎದ್ದು ಹಿರಿಯರ ಪಕ್ಕ ಹೋಗಿ ಕೂತರು. ಎರಡನೇ ಸಾಲಿನಲ್ಲಿ ಒಬ್ಬ ಅಜ್ಜಿ ಬಟನ್ನಿನ ಮೇಲೆ ಬೆರಳು ತಂದು ನಿಲ್ಲಿಸಿ ನನ್ನ ಕಡೆ ನೋಡಿದರು.

‘ಇದನ್ನ ಒತ್ತಿದ್ರೆ ಮೊಮ್ಮಗಳ ಫೋಟೋ ಹೋಗಲ್ಲ ತಾನೇ?’

ಹೋಗಲ್ಲ ಅಜ್ಜಿ ಅಂದೆ. ಒತ್ತಿದರು. ಆಮೇಲೆ ಗ್ಯಾಲರಿ ತೆರೆದು, ಫೋಟೋ ಇದೆಯಾ ಅಂತ ನೋಡಿಕೊಂಡರು.